ಕಾರಂಜಿಯ ಪಂಪು ಮೊರೆಯುತ್ತದೆ, ನೀರು ಮೇಲೇರುವುದಿಲ್ಲ

ಬೆಕ್ಕು ನಾಯಿಗಳು ಕುಡಿಯಲೆಂದು ಮನೆಯಲ್ಲಿಡುವ ವಿದ್ಯುತ್ ಚಾಲಿತ ವಾಟರ್ ಫೌಂಟನ್, ಅಂದರೆ ನೀರಿನ ಕಾರಂಜಿ, ಕುರಿತ ಐದು ಪ್ರಶ್ನೆಗಳಿಗೆ ಈ ಬಾರಿ ಉತ್ತರಿಸಲಾಗಿದೆ. ಪ್ರಶ್ನೆಗಳು ಬೇರೆ ಬೇರೆಯಾದರೂ ಅವುಗಳಲ್ಲಿ ಹೆಚ್ಚಿನವು ಒಂದೇ ಕಡೆಗೆ ಕೈ ತೋರಿಸುತ್ತವೆ: ಪಾತ್ರೆಯನ್ನು ಎಲ್ಲರೂ ತೊಳೆಯುತ್ತಾರೆ, ಪಂಪನ್ನು ಬಿಚ್ಚುವವರು ಮಾತ್ರ ವಿರಳ. ಮೊದಲ ಉತ್ತರ ಉದ್ದವಾಗಿರುವುದು ಅದಕ್ಕಾಗಿಯೇ.

ಪ್ರಶ್ನೆ: ನಮ್ಮ ಬೆಕ್ಕಿಗಾಗಿ ಒಂದೂವರೆ ವರ್ಷದ ಹಿಂದೆ ಎರಡೂವರೆ ಲೀಟರಿನ ಪ್ಲಾಸ್ಟಿಕ್ ಕಾರಂಜಿ ತಂದಿದ್ದೆವು. ಈಗ ಪ್ಲಗ್ ಹಾಕಿದರೆ ಸಣ್ಣಗೆ ಮೊರೆಯುವ ಸದ್ದು ಕೇಳುತ್ತದೆ, ನೀರು ಮಾತ್ರ ಬರುವುದಿಲ್ಲ. ವಾರಕ್ಕೊಮ್ಮೆ ತಪ್ಪದೆ ತೊಳೆಯುತ್ತೇವೆ. ಅಂಗಡಿಯವರು ಮೋಟರು ಸುಟ್ಟಿದೆ, ಹೊಸದು ಕೊಳ್ಳಿ ಎನ್ನುತ್ತಾರೆ. ನಮ್ಮದು ಬೋರ್‌ವೆಲ್ ನೀರು. — ಓದುಗರೊಬ್ಬರು, ತುಮಕೂರು

ಉತ್ತರ: ಸುಟ್ಟ ಮೋಟರು ಮೊರೆಯುವುದಿಲ್ಲ. ಸದ್ದು ಬರುತ್ತಿದೆಯೆಂದರೆ ಒಳಗಿನ ತಂತಿಯ ಸುರುಳಿಗೆ ವಿದ್ಯುತ್ ತಲುಪುತ್ತಿದೆ ಎಂದರ್ಥ. ತಿರುಗಬೇಕಾದ ಭಾಗ ಎಲ್ಲೋ ಸಿಕ್ಕಿಕೊಂಡಿದೆ ಅಷ್ಟೆ. ಕೆಲವು ಪಂಪುಗಳು ಮೊರೆಯುವ ಬದಲು ಒಂದೆರಡು ಸೆಕೆಂಡಿಗೊಮ್ಮೆ ಟಕ್ ಎಂದು ಮಿಸುಕಿ ನಿಲ್ಲುತ್ತವೆ. ಅದಕ್ಕೂ ಕಾರಣ ಇದೇ. ಆದ್ದರಿಂದ ಹೊಸದು ಕೊಳ್ಳುವ ಮಾತನ್ನು ಸದ್ಯಕ್ಕೆ ಬದಿಗಿಡಿ.

ಈ ಪಂಪಿನ ರಚನೆ ಬಹಳ ಸರಳವಾದುದು. ತಂತಿಯ ಸುರುಳಿಯನ್ನು ಎಪಾಕ್ಸಿ ರಾಳದಲ್ಲಿ ಹುದುಗಿಸಿ ಪೂರ್ತಿಯಾಗಿ ಮುಚ್ಚಿರುತ್ತಾರೆ. ಅದರ ಕಾಂತಬಲ ಪ್ಲಾಸ್ಟಿಕ್ ಗೋಡೆಯ ಮೂಲಕವೇ ಹಾದು, ಆಚೆ ಬದಿಯ ಪುಟ್ಟ ಗುಳಿಯಲ್ಲಿ ಕುಳಿತಿರುವ ಕಾಂತವೊಂದನ್ನು ತಿರುಗಿಸುತ್ತದೆ. ಆ ಕಾಂತದ ತುದಿಯಲ್ಲಿರುವ ಎಸಳುಗಳಂಥ ಚಕ್ರವನ್ನು ಇಂಪೆಲ್ಲರ್ ಎನ್ನುತ್ತಾರೆ. ನೀರನ್ನು ಮೇಲಕ್ಕೆ ನೂಕುವುದು ಅದೇ. ಕಾಂತಕ್ಕೂ ಗುಳಿಯ ಗೋಡೆಗೂ ನಡುವಿನ ಜಾಗ ಕೂದಲೆಳೆಯಷ್ಟೇ ಇರುವುದರಿಂದ, ಅಲ್ಲಿ ಬೆಕ್ಕಿನ ಒಂದೆರಡು ರೋಮ ಸುತ್ತಿಕೊಂಡರೂ, ಉಪ್ಪಿನ ತೆಳುವಾದ ಪೊರೆ ಕಟ್ಟಿದರೂ ತಿರುಗುವುದು ನಿಂತುಹೋಗುತ್ತದೆ. ತಮ್ಮ ಮನೆಯಲ್ಲಿ ಎರಡೂ ಆಗಿರುವ ಸಂಭವವಿದೆ.

ಮೊದಲು ಪ್ಲಗ್ ತೆಗೆದು ಪಂಪನ್ನು ನೀರಿನಿಂದ ಹೊರತೆಗೆಯಿರಿ. ಅಡಿಯಲ್ಲಿ ರಬ್ಬರಿನ ಕಾಲುಗಳಿದ್ದರೆ ಅವನ್ನು ಕಳಚಿ, ನೀರು ಒಳಹೋಗುವ ಕಡೆಯ ಜಾಲರಿಯಂಥ ಮುಚ್ಚಳವನ್ನು ಉಗುರಿನಿಂದಲೋ ಚಪ್ಪಟೆ ಸ್ಕ್ರೂಡ್ರೈವರಿನ ತುದಿಯಿಂದಲೋ ಎಬ್ಬಿಸಿ. ಅದರ ಕೆಳಗೆ ಇನ್ನೊಂದು ಚಿಕ್ಕ ಬಳೆಯಂಥ ಮುಚ್ಚಳವಿರುತ್ತದೆ. ಹಲವರು ಮೊದಲ ಮುಚ್ಚಳ ತೆಗೆದು ತೊಳೆದು, ಪಂಪು ಸ್ವಚ್ಛವಾಯಿತೆಂದು ತಿಳಿದುಬಿಡುತ್ತಾರೆ. ಎರಡನೆಯದನ್ನೂ ತೆಗೆದು ಇಂಪೆಲ್ಲರನ್ನು ಹುಬ್ಬು ಕೀಳುವ ಚಿಮುಟದಿಂದ ನೆಟ್ಟಗೆ ಮೇಲಕ್ಕೆ ಎಳೆಯಬೇಕು. ಕಾಂತ ಹಿಂದಕ್ಕೆ ಸೆಳೆಯುವುದರಿಂದ ಸ್ವಲ್ಪ ಬಿಗಿಯೆನಿಸಿದರೂ ಪಕ್ಕಕ್ಕೆ ಬಾಗಿಸಿ ಮೀಟಬಾರದು. ನಡುವಿನ ಕಡ್ಡಿ ಎಷ್ಟೋ ಪಂಪುಗಳಲ್ಲಿ ಸೆರಾಮಿಕ್‌ನದಾಗಿದ್ದು, ಬಳಪದಂತೆ ಪಟ್ಟನೆ ಮುರಿಯುತ್ತದೆ.

ಹೊರಬಂದ ಇಂಪೆಲ್ಲರಿನ ಬುಡವನ್ನು ಬೆಳಕಿಗೆ ಹಿಡಿದು ನೋಡಿದರೆ ರೋಮಗಳು ಲೋಳೆಯೊಂದಿಗೆ ಹೆಣೆದುಕೊಂಡು ಕಂದು ಬಣ್ಣದ ಉಂಗುರದಂತೆ ಕುಳಿತಿರುವುದು ಕಾಣುತ್ತದೆ. ಅದನ್ನು ಚಿಮುಟದಿಂದ ಬಿಡಿಸಿ, ಗುಳಿಯ ಒಳಭಾಗವನ್ನು ಕಿವಿಕಡ್ಡಿಯಿಂದ ಸುತ್ತಲೂ ಒರೆಸಿ. ಕಾಂತದ ಮೇಲೂ ಗುಳಿಯ ಗೋಡೆಯ ಮೇಲೂ ಕೈಗೆ ಒರಟಾಗಿ ಸಿಗುವ ಬಿಳಿ ಪದರವಿದ್ದರೆ ಅದು ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಸೋಪು ಅದನ್ನು ಕರಗಿಸಲಾರದು, ಹುಳಿ ಕರಗಿಸುತ್ತದೆ. ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಇಲ್ಲವೇ ಒಂದು ಲೀಟರ್ ಬೆಚ್ಚನೆಯ ನೀರಿಗೆ ಒಂದೂವರೆ ದೊಡ್ಡ ಚಮಚ ನಿಂಬೆ ಉಪ್ಪು ಕರಗಿಸಿ, ಬಿಡಿಭಾಗಗಳನ್ನು ಅರ್ಧ ಗಂಟೆ ನೆನೆಸಿಡಿ. ಸಣ್ಣ ಗುಳ್ಳೆಗಳು ಏಳತೊಡಗಿದರೆ ಪೊರೆ ಕರಗುತ್ತಿದೆಯೆಂದು ತಿಳಿಯಬಹುದು. ಆಮೇಲೆ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ, ಹುಳಿ ವಾಸನೆ ಒಂದಿಷ್ಟೂ ಉಳಿಯದಂತೆ ತೊಳೆಯಬೇಕು. ನಿಂಬೆ ಜಾತಿಯ ವಾಸನೆಯೆಂದರೆ ಬೆಕ್ಕುಗಳಿಗೆ ಆಗದು.

ಮರಳಿ ಜೋಡಿಸುವಾಗ ಇಂಪೆಲ್ಲರನ್ನು ಬೆರಳಿನಿಂದ ತಿರುಗಿಸಿ ನೋಡಿ. ಕಾಂತದ ಸೆಳೆತದಿಂದಾಗಿ ಅದು ಹಂತ ಹಂತವಾಗಿ ತಿರುಗುತ್ತದೆ, ಎಲ್ಲಿಯೂ ಉಜ್ಜಿಕೊಳ್ಳಬಾರದು. ಪಂಪನ್ನು ನೀರಿನಲ್ಲಿ ಮುಳುಗಿಸಿ, ಓರೆಯಾಗಿ ಹಿಡಿದು, ಒಳಗಿನ ಗಾಳಿಯೆಲ್ಲ ಗುಳ್ಳೆಯಾಗಿ ಹೊರಬಂದ ಮೇಲೆಯೇ ಪ್ಲಗ್ ಹಾಕಬೇಕು. ಗಾಳಿ ಸಿಕ್ಕಿಕೊಂಡಿದ್ದರೆ ಸರಿಯಾಗಿರುವ ಪಂಪೂ ನೀರೆತ್ತುವುದಿಲ್ಲ. ಇಷ್ಟು ಮಾಡಿಯೂ ತಿರುಗದಿದ್ದರೆ, ಅಥವಾ ಕಾಂತ ಬಿರುಕು ಬಿಟ್ಟಿದ್ದರೆ, ಕಡ್ಡಿ ಮುರಿದಿದ್ದರೆ ಆಗ ಪಂಪನ್ನು ಮಾತ್ರ ಬದಲಿಸಿದರೆ ಸಾಕು. ಹಳೆಯ ಪಂಪಿನ ಮೈಮೇಲೆ ವೋಲ್ಟ್ ಎಷ್ಟೆಂದು ಬರೆದಿರುತ್ತದೆ. ಹೊಸದೂ ಅಷ್ಟೇ ವೋಲ್ಟಿನದಾಗಿರಬೇಕು.

ಬೋರ್‌ವೆಲ್ ನೀರನ್ನೇ ಬಳಸುವುದಾದರೆ ವಾರಕ್ಕೊಮ್ಮೆ ಪಂಪನ್ನು ಬಿಚ್ಚಿ ತೊಳೆಯುವುದು, ತಿಂಗಳಿಗೊಮ್ಮೆ ಹುಳಿಯಲ್ಲಿ ನೆನೆಸುವುದು ರೂಢಿಯಾಗಲಿ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿ.ಗ್ರಾಂ.ವರೆಗೆ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೂ ನಡೆಯುತ್ತದೆ. ಆ ಮೇಲ್ಮಿತಿಗೆ ಹತ್ತಿರವಿರುವ ನೀರನ್ನು ಕುಡಿದವರಿಗೆ ಏನೂ ಆಗದಿದ್ದರೂ ಇಷ್ಟು ಚಿಕ್ಕ ಪಂಪಿಗೆ ಅದು ಭಾರವೇ. ಮನೆಯವರು ಕುಡಿಯುವ ಶುದ್ಧೀಕರಿಸಿದ ನೀರನ್ನೇ ಕಾರಂಜಿಗೂ ಹಾಕಿದರೆ ಈ ಕೆಲಸ ಬಹುಪಾಲು ತಪ್ಪುತ್ತದೆ.

ಪ್ರಶ್ನೆ: ತೊಳೆದ ಮೂರು ನಾಲ್ಕು ದಿನಗಳಲ್ಲೇ ಪಾತ್ರೆಯ ಅಂಚಿನಲ್ಲಿ ನಸುಗೆಂಪು ಲೋಳೆ ಕಟ್ಟುತ್ತದೆ. ನಮ್ಮ ನೀರು ಗಡಸಲ್ಲ. ಫಿನಾಯಿಲ್ ಹಾಕಿ ಒಮ್ಮೆ ಚೆನ್ನಾಗಿ ತೊಳೆದರೆ ಹೋದೀತೆ? — ಓದುಗರೊಬ್ಬರು, ಮಂಗಳೂರು

ಉತ್ತರ: ಫಿನಾಯಿಲ್ ಬೇಡವೇ ಬೇಡ. ಫೀನಾಲ್ ಗುಂಪಿನ ರಾಸಾಯನಿಕಗಳನ್ನು ನಿರ್ವಿಷಗೊಳಿಸಿ ಹೊರಹಾಕುವ ಸಾಮರ್ಥ್ಯ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ. ನಮಗೆ ತಾಗದಷ್ಟು ಪ್ರಮಾಣವೂ ಅದಕ್ಕೆ ವಿಷವಾಗಬಲ್ಲದು. ಪಾತ್ರೆಯಿರಲಿ, ಕಾರಂಜಿ ಇಟ್ಟಿರುವ ನೆಲವನ್ನು ಒರೆಸಲೂ ಅದನ್ನು ಬಳಸದಿರುವುದು ಕ್ಷೇಮ, ಏಕೆಂದರೆ ಬೆಕ್ಕು ತನ್ನ ಪಾದಗಳನ್ನು ನೆಕ್ಕಿಕೊಳ್ಳುತ್ತದೆ.

ನಸುಗೆಂಪು ಲೋಳೆ ಬ್ಯಾಕ್ಟೀರಿಯಾಗಳು ತಮ್ಮ ಸುತ್ತ ತಾವೇ ಕಟ್ಟಿಕೊಳ್ಳುವ ಅಂಟಿನ ಪದರ. ಒದ್ದೆ ಜಾಗಗಳಲ್ಲಿ ಈ ಬಣ್ಣ ತರುವವುಗಳಲ್ಲಿ ಸೆರೇಷಿಯಾ ಮಾರ್ಸೆಸೆನ್ಸ್ ಎಂಬುದು ಪ್ರಸಿದ್ಧ. ಬಚ್ಚಲುಮನೆಯ ಮೂಲೆಗಳಲ್ಲಿ ಕಾಣುವುದೂ ಹೆಚ್ಚಾಗಿ ಅದೇ. ಬೆಕ್ಕಿನ ಜೊಲ್ಲು, ಆಹಾರದ ಚೂರು, ಕರಾವಳಿಯ ಸೆಕೆ ಮೂರೂ ಸೇರಿದರೆ ಅದಕ್ಕೆ ಹಬ್ಬ. ಈ ಪದರ ನೀರು ಹಾಯಿಸಿದರೆ ಹೋಗುವಂಥದಲ್ಲ, ಉಜ್ಜಲೇಬೇಕು. ಬಿಸಿನೀರು, ಪಾತ್ರೆ ತೊಳೆಯುವ ಸಾಮಾನ್ಯ ಸೋಪು ದ್ರವ, ಮೆತ್ತನೆಯ ಸ್ಪಂಜು ಇಷ್ಟಿದ್ದರೆ ಸಾಕು. ಬೆಕ್ಕಿಗೆಂದೇ ಆ ಸ್ಪಂಜನ್ನು ಬೇರೆ ಇಟ್ಟುಕೊಳ್ಳಿ. ಉಕ್ಕಿನ ನಾರಿನಿಂದ ಪ್ಲಾಸ್ಟಿಕ್ಕನ್ನು ಉಜ್ಜಿದರೆ ಗೀರು ಬಿದ್ದು, ಮುಂದಿನ ಲೋಳೆಗೆ ನಾವೇ ಮನೆ ಕಟ್ಟಿಕೊಟ್ಟಂತಾಗುತ್ತದೆ. ನೀರು ಹರಿಯುವ ಕೊಳವೆಯ ಒಳಗೆ, ಮುಚ್ಚಳದ ರಬ್ಬರ್ ಪಟ್ಟಿಯ ಅಡಿಯಲ್ಲಿ, ವಯರು ಹಾದುಹೋಗುವ ಸಂದಿಯಲ್ಲಿ ಕೈಯಾಡದೆ ಉಳಿದ ಲೋಳೆಯೇ ನಾಲ್ಕು ದಿನಗಳಲ್ಲಿ ಮತ್ತೆ ಹಬ್ಬುವುದರಿಂದ, ಅಂಥ ಜಾಗಗಳಿಗೆ ಬಾಟಲಿ ತೊಳೆಯುವ ಸಪೂರ ಬ್ರಶ್ ಬೇಕಾಗುತ್ತದೆ.

ಆದರೂ ಮರುಕಳಿಸಿದರೆ, ಉಜ್ಜಿ ತೊಳೆದಾದ ಮೇಲೆ, ಸುವಾಸನೆ ಬೆರೆಸದ ಬಟ್ಟೆಯ ಬ್ಲೀಚ್ ದ್ರವವನ್ನು ಲೀಟರ್ ನೀರಿಗೆ ಒಂದು ಸಣ್ಣ ಚಮಚದಷ್ಟು ಬೆರೆಸಿ ಹತ್ತು ನಿಮಿಷ ನೆನೆಸಬಹುದು. ಅನಂತರ ಹಲವು ಸಲ ತೊಳೆದು, ವಾಸನೆ ಹೋಗುವವರೆಗೆ ಒಣಗಿಸಬೇಕು. ಸ್ಟೀಲಿನ ಕಾರಂಜಿಯನ್ನು ಬ್ಲೀಚಿನಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಚುಕ್ಕೆ ಚುಕ್ಕೆಯಾಗಿ ತುಕ್ಕು ಹಿಡಿಯುತ್ತದೆ. ಇನ್ನೂ ಮುಖ್ಯವಾದ ಎಚ್ಚರಿಕೆಯೆಂದರೆ, ವಿನೆಗರನ್ನೋ ನಿಂಬೆ ಉಪ್ಪನ್ನೋ ಬ್ಲೀಚಿನ ಜೊತೆ ಎಂದಿಗೂ ಬೆರೆಸಕೂಡದು. ಬೆರೆಸಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ.

ಲೋಳೆ ಹಸಿರಾಗಿದ್ದರೆ ಅದು ಪಾಚಿ. ಕಾರಂಜಿಯನ್ನು ಕಿಟಕಿಯ ಬಿಸಿಲಿನಿಂದ ದೂರ ಸರಿಸಿದರೆ ಅರ್ಧ ತೊಂದರೆ ಕಡಿಮೆಯಾಗುತ್ತದೆ.

ಪ್ರಶ್ನೆ: ಫಿಲ್ಟರ್ ದುಬಾರಿ. ತೊಳೆದು ಮತ್ತೆ ಬಳಸಬಹುದೆ? ಹೊಸದನ್ನು ಹಾಕಿದಾಗಲೆಲ್ಲ ನೀರಿನಲ್ಲಿ ಕಪ್ಪು ಪುಡಿ ಕಾಣುವುದೇಕೆ? — ಓದುಗರೊಬ್ಬರು, ಮೈಸೂರು

ಉತ್ತರ: ಕಪ್ಪು ಪುಡಿ ಇದ್ದಿಲಿನದು. ಫಿಲ್ಟರಿನೊಳಗಿನ ಸಕ್ರಿಯ ಇದ್ದಿಲನ್ನು ಬಹುತೇಕ ತೆಂಗಿನ ಚಿಪ್ಪಿನಿಂದಲೇ ಮಾಡುತ್ತಾರೆ, ಅದರ ದೂಳು ಅಪಾಯಕಾರಿಯಲ್ಲ. ಆದರೆ ಪಂಪಿನ ಗುಳಿಗೆ ಸೇರಬಾರದು. ಬಳಸುವ ಮುನ್ನ ಫಿಲ್ಟರನ್ನು ಹತ್ತು ನಿಮಿಷ ನೆನೆಸಿ, ಹರಿಯುವ ನೀರು ತಿಳಿಯಾಗುವವರೆಗೆ ತೊಳೆದರೆ ಮುಗಿಯಿತು.

ಪಂಪಿನ ಸುತ್ತ ಕೂರುವ ಸ್ಪಂಜನ್ನು ಹಿಂಡಿ ತೊಳೆದು ಮತ್ತೆ ಮತ್ತೆ ಬಳಸಬಹುದು, ವಾರಕ್ಕೊಮ್ಮೆ ಹಾಗೆ ಮಾಡಲೇಬೇಕು. ಇದ್ದಿಲಿನ ಫಿಲ್ಟರ್ ಹಾಗಲ್ಲ. ಮೇಲಿನ ರೋಮ ಹೋದರೂ ಒಳಗಿನ ರಂಧ್ರಗಳು ಒಮ್ಮೆ ತುಂಬಿದರೆ ತೊಳೆಯುವುದರಿಂದ ತೆರವಾಗುವುದಿಲ್ಲ, ಅವಧಿ ಮೀರಿದ ಫಿಲ್ಟರೇ ಬ್ಯಾಕ್ಟೀರಿಯಾಗಳ ನೆಲೆಯಾಗುತ್ತದೆ. ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಬದಲಿಸಬೇಕು. ಅಷ್ಟು ಖರ್ಚು ಬೇಡವೆನಿಸಿದರೆ ನನ್ನ ಸಲಹೆ ಸ್ವಲ್ಪ ಒರಟಾಗಿದೆ: ಹಳೆಯ ಫಿಲ್ಟರನ್ನು ಉಳಿಸಿಕೊಳ್ಳುವುದಕ್ಕಿಂತ ಇದ್ದಿಲೇ ಇಲ್ಲದೆ, ಸ್ಪಂಜನ್ನು ಮಾತ್ರ ಇಟ್ಟು, ಶುದ್ಧೀಕರಿಸಿದ ನೀರು ಹಾಕಿ, ಎರಡು ದಿನಕ್ಕೊಮ್ಮೆ ನೀರು ಬದಲಿಸುವುದು ಮೇಲು. ಇದ್ದಿಲು ತೆಗೆಯುವುದು ಕ್ಲೋರಿನ್ನಿನ ವಾಸನೆಯನ್ನು, ಕೆಲವು ಕೆಟ್ಟ ರುಚಿಗಳನ್ನು, ಗಡಸುತನವನ್ನಲ್ಲ.

ಪ್ರಶ್ನೆ: ನಮ್ಮದು ಹೊಸ ಸ್ಟೀಲ್ ಕಾರಂಜಿ. ಬೆಕ್ಕು ಹತ್ತಿರ ಬರುತ್ತದೆ, ನಾಲಗೆ ತಾಗಿಸುತ್ತದೆ, ಥಟ್ಟನೆ ಹಿಂದೆ ಸರಿಯುತ್ತದೆ. ನಲ್ಲಿ ಬಿಟ್ಟರೆ ಮಾತ್ರ ಕುಡಿಯುತ್ತದೆ. ಇದು ಅದರ ಹಠವೆ? — ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಹಠವೆಂದು ತೀರ್ಮಾನಿಸುವ ಮುನ್ನ ವಿದ್ಯುತ್ತನ್ನು ಅನುಮಾನಿಸಿ. ಎರಡು ಪಿನ್ನಿನ ಅಡಾಪ್ಟರುಗಳಲ್ಲಿ ಅತ್ಯಲ್ಪ ಪ್ರಮಾಣದ ವಿದ್ಯುತ್ ಸೋರಿಕೆ ಇರುವುದುಂಟು. ಚಾರ್ಜಿಗೆ ಹಾಕಿದ ಫೋನಿನ ಲೋಹದ ಅಂಚನ್ನು ಸವರಿದಾಗ ಕೆಲವೊಮ್ಮೆ ಜುಮ್ಮೆನ್ನುವುದು ಇದರಿಂದಲೇ. ನಮ್ಮ ಒಣ ಬೆರಳಿಗೆ ತಿಳಿಯದ್ದು ಒದ್ದೆ ನಾಲಗೆಗೆ ತಿಳಿಯಬಹುದು. ಅಗ್ಗದ, ಪ್ರಮಾಣಪತ್ರವಿಲ್ಲದ ಅಡಾಪ್ಟರಾದರೆ ಒಳಗಿನ ನಿರೋಧಕವೇ ಹಾಳಾಗಿರಲೂಬಹುದು, ಆಗ ಸೋರುವುದು ಅತ್ಯಲ್ಪವಾಗಿರುವುದಿಲ್ಲ. ಪರೀಕ್ಷಿಸಲೆಂದು ನೀರಿಗೆ ಕೈ ಹಾಕಬೇಡಿ.

ಸುಲಭದ ಪರೀಕ್ಷೆಯೊಂದಿದೆ. ತಮ್ಮ ಕಾರಂಜಿ ಯುಎಸ್‌ಬಿ ವಯರಿನದಾಗಿದ್ದರೆ ಅಡಾಪ್ಟರಿನಿಂದ ಕಳಚಿ, ಪವರ್ ಬ್ಯಾಂಕಿಗೆ ಸಿಕ್ಕಿಸಿ ಒಂದೆರಡು ದಿನ ನೋಡಿ. ಗೋಡೆಯ ಸಂಪರ್ಕವೇ ಇಲ್ಲದ ಮೇಲೆ ಸೋರಿಕೆಯ ಮಾತಿಲ್ಲ. ಬೆಕ್ಕು ನಿಶ್ಚಿಂತೆಯಿಂದ ಕುಡಿದರೆ ತಪ್ಪು ಅಡಾಪ್ಟರಿನದು. ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಗುರುತಿರುವ, ಅದೇ ವೋಲ್ಟಿನ ಬೇರೊಂದನ್ನು ತನ್ನಿ. ಕೆಲವು ಪವರ್ ಬ್ಯಾಂಕುಗಳು ಇಷ್ಟು ಕಡಿಮೆ ವಿದ್ಯುತ್ ಎಳೆಯುವ ಸಾಧನವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ತಾವೇ ಆರಿಹೋಗುತ್ತವೆ. ಅದನ್ನು ಪಂಪಿನ ದೋಷವೆಂದು ಭಾವಿಸಬೇಡಿ. ಸಾಕೆಟ್ಟು ಕಾರಂಜಿಗಿಂತ ಎತ್ತರದಲ್ಲಿರಲಿ, ವಯರು ಸಾಕೆಟ್ಟಿಗೆ ಏರುವ ಮೊದಲು ಒಮ್ಮೆ ಕೆಳಕ್ಕೆ ಜೋತುಬಿದ್ದಿರಲಿ; ವಯರಿನಗುಂಟ ಹರಿದ ನೀರು ಆ ತಗ್ಗಿನಲ್ಲಿ ತೊಟ್ಟಿಕ್ಕುತ್ತದೆಯೇ ಹೊರತು ಸಾಕೆಟ್ಟಿಗೆ ಏರುವುದಿಲ್ಲ.

ಪವರ್ ಬ್ಯಾಂಕಿನಲ್ಲೂ ಬೆಕ್ಕು ಹಿಂಜರಿದರೆ ಸದ್ದು, ಹೊಸ ಪಾತ್ರೆಯ ವಾಸನೆ, ಊಟದ ತಟ್ಟೆಯ ಪಕ್ಕದಲ್ಲೇ ಇಟ್ಟಿರುವುದು ಇಂಥ ಕಾರಣಗಳನ್ನು ನೋಡಬೇಕು. ಬೆಕ್ಕಿಗೆ ದಿನಕ್ಕೆ ತನ್ನ ತೂಕದ ಪ್ರತಿ ಕಿಲೋಗೆ ಆಹಾರದ ತೇವವೂ ಸೇರಿ ಸುಮಾರು 50 ಮಿ.ಲೀ. ನೀರು ಬೇಕು. ಒಣ ಆಹಾರದಲ್ಲಿ ನೀರಿನಂಶ ಶೇ 10ರಷ್ಟು ಮಾತ್ರ ಇರುವುದರಿಂದ, ಅದನ್ನೇ ತಿನ್ನುವ ಬೆಕ್ಕಿನ ವಿಷಯದಲ್ಲಿ ಹೆಚ್ಚು ದಿನ ಕಾಯುವುದು ಸಲ್ಲದು. ಗಂಡು ಬೆಕ್ಕು ಪದೇ ಪದೇ ಮೂತ್ರಕ್ಕೆ ಕುಳಿತರೂ ಹನಿ ಬಾರದಿದ್ದರೆ ಕಾರಂಜಿಯ ವಿಚಾರ ಬಿಟ್ಟು ತಕ್ಷಣವೇ ಪಶುವೈದ್ಯರಲ್ಲಿಗೆ ಒಯ್ಯಿರಿ. ಅದು ಪ್ರಾಣಕ್ಕೆ ಸಂಚಕಾರ ತರುವ ಸ್ಥಿತಿ.

ಪ್ರಶ್ನೆ: ಹತ್ತು ದಿನ ಊರಿಗೆ ಹೋಗುತ್ತಿದ್ದೇವೆ. ಪಕ್ಕದ ಮನೆಯವರು ದಿನಕ್ಕೊಮ್ಮೆ ಬಂದು ಬೆಕ್ಕಿಗೆ ಊಟ ಹಾಕುತ್ತಾರೆ. ಕಾರಂಜಿಯನ್ನು ಚಾಲೂ ಇಟ್ಟು ಹೋಗಬಹುದೆ? — ಓದುಗರೊಬ್ಬರು, ಬೆಂಗಳೂರು

ಉತ್ತರ: ಇಟ್ಟು ಹೋಗಬಹುದು, ಆದರೆ ಅದೊಂದನ್ನೇ ನಂಬಬಾರದು. ಕರೆಂಟು ಹೋದಾಗ ಮೇಲಿನ ತಟ್ಟೆಯ ನೀರೆಲ್ಲ ಕೆಳಗಿಳಿದು ಬೆಕ್ಕಿಗೆ ಸಿಗದಂತಾಗುವ ಮಾದರಿಗಳಿವೆ. ನೀರು ತಳ ಕಂಡರಂತೂ ಪಂಪು ಒಣಗಿ ಓಡಿ ಹಾಳಾಗುತ್ತದೆ, ಏಕೆಂದರೆ ಅದನ್ನು ತಂಪಾಗಿಡುವುದೂ ಸಲೀಸಾಗಿ ತಿರುಗಿಸುವುದೂ ನೀರೇ. ಕೋಣೆಗೊಂದರಂತೆ ಅಗಲ ಬಾಯಿಯ ಎರಡು ಸ್ಟೀಲ್ ಅಥವಾ ಪಿಂಗಾಣಿ ಬಟ್ಟಲುಗಳಲ್ಲಿ ನೀರಿಟ್ಟು, ಅವನ್ನು ದಿನವೂ ಬದಲಿಸುವಂತೆ ಪಕ್ಕದ ಮನೆಯವರಿಗೆ ಹೇಳಿ. ಕಾರಂಜಿಗೆ ಗುರುತಿನ ಗೆರೆಯವರೆಗೆ ನೀರು ತುಂಬುವುದನ್ನೂ ನಡುವೆ ಒಮ್ಮೆ ತೊಳೆಯುವುದನ್ನೂ ಅವರಿಗೆ ಮೊದಲೇ ಮಾಡಿ ತೋರಿಸಿ.

ಅಷ್ಟು ತೊಂದರೆ ಕೊಡುವುದು ಬೇಡವೆನಿಸಿದರೆ ಬಟ್ಟಲುಗಳೇ ಸಾಕು. ಆಗ ಕಾರಂಜಿಯನ್ನು ನೀರು ತುಂಬಿದಂತೆಯೇ ಆರಿಸಿ ಹೋಗಬೇಡಿ. ನಿಂತ ನೀರಿನಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಟ್ಟು, ಏಳೆಂಟು ದಿನಗಳಲ್ಲೇ ಹೊಸ ಸೊಳ್ಳೆಗಳು ಹಾರಬಲ್ಲವು. ಅದರ ಮೊಟ್ಟೆಗಳು ಪಾತ್ರೆಯ ಗೋಡೆಗೆ ಅಂಟಿಕೊಂಡು ಒಣಗಿದ ಮೇಲೂ ತಿಂಗಳುಗಟ್ಟಲೆ ಜೀವ ಹಿಡಿದಿರುವುದರಿಂದ ನೀರು ಚೆಲ್ಲಿದರೆ ಸಾಲದು, ಗೋಡೆಯನ್ನು ಉಜ್ಜಬೇಕು. ಎಲ್ಲ ಭಾಗಗಳನ್ನೂ ಬಿಚ್ಚಿ ತೊಳೆದು ಪೂರ್ತಿ ಒಣಗಿಸಿ, ಹಳೆಯ ಫಿಲ್ಟರನ್ನು ಎಸೆದು, ಇಂಪೆಲ್ಲರನ್ನು ಪಂಪಿನಿಂದ ಹೊರಗೇ ಇಡಿ. ಒಳಗಿದ್ದರೆ ಉಳಿದ ತೇವದಲ್ಲಿನ ಉಪ್ಪು ಒಣಗಿ, ಊರಿನಿಂದ ಬರುವಷ್ಟರಲ್ಲಿ ಅದು ಗುಳಿಗೆ ಅಂಟಿಕೊಂಡಿರುತ್ತದೆ.