ಸ್ಕ್ಯಾನ್ ಮಾಡ್ಸಿದ್ರೆ ಮಗಳ ಮನಸ್ಸು ಗೊತ್ತಾಗುತ್ತಾ?

ಪ್ರಶ್ನೆ: ಡಾಕ್ಟ್ರೇ, ಮಗಳು ಎಸ್ಸೆಸ್ಸೆಲ್ಸಿ. ಎರಡು ತಿಂಗಳಿಂದ ಮಂಕಾಗಿದಾಳೆ, ರಾತ್ರಿ ನಿದ್ದೆ ಇಲ್ಲ, ಕೇಳಿದ್ರೆ "ಏನಿಲ್ಲಮ್ಮ" ಅಂತಾಳೆ. ಅಮೆರಿಕದಲ್ಲಿ ಮೆದುಳಿನ ಸ್ಕ್ಯಾನ್ ನೋಡಿ ಕಂಪ್ಯೂಟರೇ ಡಿಪ್ರೆಷನ್ ಹೇಳುತ್ತಂತೆ, ನನ್ನ ತಮ್ಮ ವಾಟ್ಸಾಪಲ್ಲಿ ಕಳಿಸಿದಾನೆ. ಇವಳಿಗೂ ಎಂಆರ್‌ಐ ಮಾಡಿಸ್ಲಾ?
- ಒಬ್ಬ ತಾಯಿ, ದಾವಣಗೆರೆ

ಉತ್ತರ: ಬೇಡಮ್ಮ, ದುಡ್ಡು ಉಳಿಸ್ಕೊಳ್ಳಿ. ತಮ್ಮ ಕಳಿಸಿದ್ದು ಪೂರ್ತಿ ಸುಳ್ಳಲ್ಲ, ಆದ್ರೆ ಅದಿನ್ನೂ ರಿಸರ್ಚ್. ಅಮೆರಿಕದಲ್ಲಿ ಎಬಿಸಿಡಿ ಅಂತೊಂದು ಸ್ಟಡಿ ಇದೆ, 9-10 ವರ್ಷದ ಸುಮಾರು 11,880 ಮಕ್ಕಳನ್ನ 2016ರಿಂದ 2018ರೊಳಗೆ ಸೇರಿಸ್ಕೊಂಡು, ಎರಡು ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡ್ತಾ, ಜೊತೆಗೆ ನಿದ್ದೆ, ಮನೆ, ಸ್ಕೂಲು, ಮೊಬೈಲು ಎಲ್ಲಾ ವಿಚಾರಿಸ್ತಾ ಬಂದಿದಾರೆ, ಆ ರಾಶಿ ಡೇಟಾದಲ್ಲಿ ನಮ್ಮ ಕಣ್ಣಿಗೆ ಬೀಳದ ಪ್ಯಾಟರ್ನ್ ಹುಡುಕೋಕೆ ಮಷೀನ್ ಲರ್ನಿಂಗ್, ಅಂದ್ರೆ ಡೇಟಾ ನೋಡಿ ಕಂಪ್ಯೂಟರೇ ಕಲಿಯೋ ವಿಧಾನ ಬೇಕು. ನಮ್ಮಲ್ಲೂ ಸಿವೇಡಾ ಅಂತ ಇಂಥದ್ದೇ ಸ್ಟಡಿ ಇದೆ, ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವ, ಮೈಸೂರಿನ ಮಕ್ಕಳೂ ಇದಾರೆ, ಇಂಫಾಲದವರೂ ಇದಾರೆ.

ಈಗ ತೊಡಕು ಕೇಳಿ. ಎಂಆರ್‌ಐ ಒಳಗೆ ಢಗಢಗ ಸದ್ದು, ಮಗು ಅಲ್ಲಾಡದೆ ಮಲಗ್ಬೇಕು, ಒಂದು ಮಿಲಿಮೀಟರ್ ಕೂಡ ಬೇಡ, ಅದಕ್ಕಿಂತ ಕಮ್ಮಿ ತಲೆ ಸರಿದ್ರೂ ಸಿಗ್ನಲ್ ಕೆಡುತ್ತೆ. ಚಡಪಡಿಸೋ ಮಕ್ಕಳು ಜಾಸ್ತಿ ಅಲ್ಲಾಡ್ತಾರೆ ಅಲ್ವಾ, ಹಂಗಾಗಿ ಕಂಪ್ಯೂಟರ್ ಆ ಅಲ್ಲಾಟವನ್ನೇ ಮೆದುಳಿನ ವ್ಯತ್ಯಾಸ ಅಂದ್ಕೊಂಡು ಕಲಿತುಬಿಡಬಹುದು! ಅದಕ್ಕೇ ಎಬಿಸಿಡಿ ಮಕ್ಕಳಿಗೆ ಮೊದಲು ಡಮ್ಮಿ ಮಷೀನಲ್ಲಿ ಮಲಗೋ ಪ್ರಾಕ್ಟೀಸ್. ಒಂದು ಕಂಪನಿಯ ಸ್ಕ್ಯಾನರಲ್ಲಿ ಕಲಿತ ಕಂಪ್ಯೂಟರ್ ಇನ್ನೊಂದು ಕಂಪನಿಯದರಲ್ಲಿ ಎಡವೋದೂ ಉಂಟು.

ಇನ್ನೊಂದು, 2022ರಲ್ಲಿ ನೇಚರ್ ಅನ್ನೋ ವಿಜ್ಞಾನ ಪತ್ರಿಕೆಲಿ ಸುಮಾರು 50,000 ಜನರ ಸ್ಕ್ಯಾನ್ ಇಟ್ಕೊಂಡು ಲೆಕ್ಕ ಹಾಕಿದ್ರು, ಮೆದುಳಿಗೂ ನಡವಳಿಕೆಗೂ ಸಿಗೋ ನಂಟು ಎಷ್ಟು ತೆಳ್ಳಗೆ ಅಂದ್ರೆ ನಂಬೋ ಹಂಗೆ ಹೇಳೋಕೆ ಸಾವಿರಾರು ಜನ ಬೇಕು, ಅಲ್ಲೀವರೆಗೆ ಇಂಥ ಸ್ಟಡಿಗಳಲ್ಲಿ ಸಾಮಾನ್ಯವಾಗಿ ಇರ್ತಿದ್ದದ್ದು 25ರ ಆಸುಪಾಸು. ಆ ಸಾವಿರಾರು ಜನರ ನಡುವೆ ಕಾಣೋ ಎಳೆ ನಿಮ್ಮ ಒಬ್ಬ ಮಗಳ ಫಿಲ್ಮಲ್ಲಿ ಕಾಣಲ್ಲ, ರಿಪೋರ್ಟ್ "ನಾರ್ಮಲ್" ಅಂತ ಬರುತ್ತೆ, ನೀವು ನಿರಾಳ ಆಗಿಬಿಡ್ತೀರ, ನನಗೆ ಭಯ ಅದೇ. ಫಿಟ್ಸ್, ತಲೆಗೆ ಪೆಟ್ಟು ಥರದ್ದು ಇದ್ರೆ ಡಾಕ್ಟ್ರೇ ಬರೀತಾರೆ, ಅದು ಬೇರೆ.

ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ರ ಈ ವಾರವೇ ಕರ್ಕೊಂಡು ಹೋಗಿ. ಅಲ್ಲೀವರೆಗೆ ಟೆಲಿ ಮಾನಸ್ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಫ್ರೀ, ರಾತ್ರಿನೂ ಎತ್ತುತಾರೆ, ಕನ್ನಡದಲ್ಲೇ ಮಾತಾಡಬಹುದು. "ಏನಿಲ್ಲಮ್ಮ" ಅಂದ ಮೇಲೂ ಪಕ್ಕದಲ್ಲಿ ಕೂತಿರಿ, ಸಾಯೋ ಯೋಚನೆ ಬರುತ್ತಾ ಅಂತ ನೇರವಾಗಿ ಕೇಳಿ, ಕೇಳಿದ್ರೆ ಆ ಯೋಚನೆ ತಲೆಗೆ ಹೋಗುತ್ತೆ ಅನ್ನೋದು ತಪ್ಪು. ಹೌದು ಅಂದ್ರೆ ವಾರ ಕಾಯ್ಬೇಡಿ, ಆವತ್ತೇ ಹೊರಡಿ.