ಆ ಶೇಂಗಾ ಪುಡಿ ನನ್ನದು

ತಮ್ಮಾ, ನಿನ್ನ ಮೆಸೇಜ್ ನೋಡಿದೆ. ಸಿಂಧನೂರಿನ ಹುಡುಗ ಲಂಡನ್ನಿಗೆ ಬರುತ್ತಿದ್ದಾನೆ ಅಂದರೆ ನನಗೆ ಖುಷಿಯೇ. ಚಳಿ ಹೇಗೆ, ಬಾಡಿಗೆ ಎಷ್ಟು, ಏರ್‌ಪೋರ್ಟಿನಲ್ಲಿ ಭಯೋತ್ಪಾದನೆ ಕಾನೂನು ಅಂತ ಹಿಡಿದು ಫೋನ್ ಕೇಳುತ್ತಾರಂತೆ ನಿಜವಾ, ಗಡ್ಡ ತೆಗೆಸಿಕೊಂಡು ಬರಲಾ ಅಂತ ಕೇಳಿದ್ದೀಯ.

ಜಾಕೆಟ್ ಇಲ್ಲೇ ತಗೋ. ಬಾಡಿಗೆ ಜಾಸ್ತಿ, ಅದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ. ಹಾಲಿನ ಪೇಡೆ ತರಬೇಡ, ಒಳಗೆ ಬಿಡುವುದಿಲ್ಲ.

ಫೋನಿನ ವಿಷಯ ನಿಜ. ಇಲ್ಲಿಯ 2000ದ ಭಯೋತ್ಪಾದನೆ ಕಾಯ್ದೆಯ ಏಳನೇ ಷೆಡ್ಯೂಲ್ ಪ್ರಕಾರ ಏರ್‌ಪೋರ್ಟಿನಲ್ಲಿ ಯಾವ ಅನುಮಾನವೂ ಇಲ್ಲದೆ ಆರು ತಾಸಿನವರೆಗೆ ಇಟ್ಟುಕೊಂಡು ಪ್ರಶ್ನೆ ಕೇಳಬಹುದು. ಬಾಯಿ ಮುಚ್ಚಿಕೊಂಡು ಕೂತರೆ, ಫೋನಿನ ಪಾಸ್‌ವರ್ಡ್ ಕೊಡದಿದ್ದರೆ ಅದೇ ಅಪರಾಧ. ಒಂದು ತಾಸು ದಾಟಿದರೆ ವಕೀಲರನ್ನು ಕೇಳು. ನನಗೆ ಇಷ್ಟು ವರ್ಷದಲ್ಲಿ ಒಮ್ಮೆಯೂ ಹಾಗಾಗಿಲ್ಲ. ಗಡ್ಡ ಇರಲಿ.

ಊರಲ್ಲಿ ಯುಎಪಿಎ, ಅಂದರೆ ನಮ್ಮ ದೇಶದ ಭಯೋತ್ಪಾದನೆ ತಡೆ ಕಾಯ್ದೆ, ಹಾಕಿದರೆ ಚಾರ್ಜ್‌ಶೀಟ್ ಇಲ್ಲದೆ 180 ದಿನದವರೆಗೆ ಒಳಗಿಡಬಹುದು, ಇಲ್ಲಿ ಈಗ 14 ದಿನ ಅಷ್ಟೇ. ನೋಡು ನಮ್ಮ ಲಂಡನ್ ಅಂತ ನಾನೂ ಹೊಗಳಿಕೊಂಡವನೇ.

ನಾನು ಬಂದದ್ದು 2006ರಲ್ಲಿ. ಹಿಂದಿನ ವರ್ಷ ಜುಲೈ 7ಕ್ಕೆ ಲಂಡನ್ನಿನಲ್ಲಿ ಮೂರು ರೈಲು, ಒಂದು ಬಸ್ಸಿನಲ್ಲಿ ಬಾಂಬ್ ಸಿಡಿದು 52 ಜನ ಸತ್ತಿದ್ದರು. ಎರಡು ವಾರಕ್ಕೆ ಬಾಂಬ್ ಇಡುವವನು ಅಂತ ತಪ್ಪು ತಿಳಿದು ಪೊಲೀಸರು ಬ್ರೆಜಿಲ್‌ನ ಒಬ್ಬ ಎಲೆಕ್ಟ್ರಿಷಿಯನ್‌ನನ್ನು ರೈಲಿನೊಳಗೇ ಗುಂಡಿಟ್ಟು ಕೊಂದಿದ್ದರು. ಬ್ಯಾಗ್ ಹೊತ್ತವರಿಗೂ ಹೆದರಿಕೆ, ಬ್ಯಾಗ್ ನೋಡುವವರಿಗೂ ಹೆದರಿಕೆ.

ನನ್ನ ರೂಮಿನವನು ಬಳ್ಳಾರಿ ಕೌಲ್ ಬಜಾರಿನ ಮುಸ್ಲಿಂ ಹುಡುಗ. 2009ರ ದೀಪಾವಳಿ ಮುಗಿಸಿಕೊಂಡು ಇಬ್ಬರೂ ಊರಿಂದ ವಾಪಸ್ ಬಂದೆವು. ನನ್ನ ಬ್ಯಾಗ್ ತುಂಬಿತ್ತು ಅಂತ ನಮ್ಮವ್ವ ಕುಟ್ಟಿಕೊಟ್ಟ ಶೇಂಗಾ ಪುಡಿ ಅವನ ಬ್ಯಾಗಿನಲ್ಲಿತ್ತು. ರೈಲು ನಿಲ್ದಾಣದಲ್ಲಿ ಪೊಲೀಸರು ಅವನೊಬ್ಬನನ್ನೇ ನಿಲ್ಲಿಸಿದರು. ಗಡ್ಡ ಇದ್ದದ್ದು ಅವನಿಗೆ. ಆಗ ಅದೇ 2000ದ ಕಾಯ್ದೆಯಲ್ಲಿ ಸೆಕ್ಷನ್ 44 ಅಂತ ಇತ್ತು, ಕಾರಣ ಹೇಳದೆ ಯಾರನ್ನಾದರೂ ತಡೆದು ತಪಾಸಣೆ ಮಾಡಬಹುದಿತ್ತು. ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿದ ಪೊಟ್ಟಣ ಬಿಚ್ಚಿದರು. ಕೆಂಪು ಪುಡಿ, ಬೆಳ್ಳುಳ್ಳಿ ವಾಸನೆ. ಒಬ್ಬ ಬೆರಳಿಗೆ ಹಚ್ಚಿಕೊಂಡು ಮೂಸಿದ. ನನ್ನ ರೂಮಿನವನು ನನ್ನ ಕಡೆ ನೋಡಿದ. ನಾನು ರೈಲಿನ ಟೈಮ್ ನೋಡುತ್ತಾ ನಿಂತಿದ್ದೆ.

ವೀಸಾ ರಿನ್ಯೂ ಮಾಡಿಸುವುದು ಬಾಕಿ ಇತ್ತು, ತಲೆಯಲ್ಲಿ ಅದೇ. ಆ ಪುಡಿ ನನ್ನದು ಅನ್ನಲು ಎಷ್ಟು ಹೊತ್ತು ಬೇಕಿತ್ತು?

ಹತ್ತು ನಿಮಿಷಕ್ಕೆ ಚೀಟಿ ಬರೆದು ಕೊಟ್ಟು ಬಿಟ್ಟರು. ರೈಲಿನಲ್ಲಿ ಪೊಟ್ಟಣ ನನ್ನ ತೊಡೆ ಮೇಲಿಟ್ಟು "ತಗೋ, ನಿಮ್ಮವ್ವ ಕೊಟ್ಟದ್ದು" ಅಂದ, ಅಷ್ಟೇ. ಸಂಕ್ರಾಂತಿ ಹೊತ್ತಿಗೆ ರೂಮ್ ಬಿಟ್ಟ. ಅದೇ ಜನವರಿಯಲ್ಲಿ ಯುರೋಪಿನ ಮಾನವ ಹಕ್ಕು ಕೋರ್ಟು ಸೆಕ್ಷನ್ 44 ತಪ್ಪು ಅಂತ ತೀರ್ಪು ಕೊಟ್ಟಿತು. 2009-10ರಲ್ಲಿ ಅದರಡಿ ಒಂದು ಲಕ್ಷಕ್ಕೂ ಹೆಚ್ಚು ತಪಾಸಣೆ ಆಗಿದ್ದವು, ಭಯೋತ್ಪಾದನೆ ಕೇಸಿನಲ್ಲಿ ಒಬ್ಬನೂ ಅರೆಸ್ಟ್ ಆಗಿರಲಿಲ್ಲ.

ಪೊಲೀಸರಿಗೆ ಅಧಿಕಾರವೇ ಬೇಡ ಅನ್ನುವವನಲ್ಲ ನಾನು, 52 ಜನ ಸುಮ್ನೆ ಸಾಯಲಿಲ್ಲ. ಆದರೆ ಕಾರಣ ಹೇಳಬೇಕಿಲ್ಲ ಅಂದ ಮೇಲೆ ಮುಖ ನೋಡಿಯೇ ಆರಿಸುತ್ತಾರೆ, ಅಲ್ವಾ? ಪಕ್ಕದಲ್ಲಿದ್ದವನು ನನ್ನ ಹಾಗೆ ಎರಡು ಹೆಜ್ಜೆ ದೂರ ಸರಿಯುತ್ತಾನೆ. ಆ ನಷ್ಟವನ್ನು ಯಾರೂ ಲೆಕ್ಕ ಹಾಕಲಿಲ್ಲ.

ಪುಡಿ ತಾ, ಅಂಗಡಿ ಲೇಬಲ್ ಇರುವ ಪಾಕೀಟು ಒಳ್ಳೆಯದು. ಜೊತೆಗೆ ಬರುವವರ ಬ್ಯಾಗಿನಲ್ಲಿ ಮಾತ್ರ ಇಡಬೇಡ. ಫ್ಲೈಟ್ ಯಾವತ್ತು ಅಂತ ತಿಳಿಸು, ಕರೆದುಕೊಂಡು ಹೋಗಲು ಬರುತ್ತೇನೆ.