ಟೀ ಶರ್ಟ್ ಬಟ್ಟೆಗೆ ಹೊಲಿಗೆ ತಪ್ಪುತ್ತಿದ್ದರೆ

ಟೀ ಶರ್ಟ್ ಬಟ್ಟೆಯಲ್ಲಿ ನಡುನಡುವೆ ಹೊಲಿಗೆ ತಪ್ಪುತ್ತದೆ, ಅಂಚೂ ಅಲೆಅಲೆಯಾಗುತ್ತದೆ ಅಂದಿದ್ದೀರಿ ಅಲ್ವಾ? ಮೆಷಿನ್ ರಿಪೇರಿಗೆ ಕೊಡುವ ಮೊದಲು ಸೂಜಿ ಬದಲಿಸಿ ನೋಡಿ. ಇದು ನೇಯ್ದ ಬಟ್ಟೆಯಲ್ಲ, ಹೆಣೆದದ್ದು. ಮಾಮೂಲಿ ಚೂಪು ಸೂಜಿ ಅದರ ಕುಣಿಕೆಗಳನ್ನೇ ಚುಚ್ಚಿಬಿಡುತ್ತದೆ. ಬಾಲ್‌ಪಾಯಿಂಟ್ ಸೂಜಿಯ ತುದಿ ಸ್ವಲ್ಪ ಗುಂಡಗಿರುವುದರಿಂದ ಎಳೆಗಳನ್ನು ಪಕ್ಕಕ್ಕೆ ಸರಿಸಿಕೊಂಡು ಒಳಗಿಳಿಯುತ್ತದೆ. 75/11 ಸೈಜ್ ಸಾಕು. ಬಟ್ಟೆಯಲ್ಲಿ ಲೈಕ್ರಾ (ರಬ್ಬರಿನಂತೆ ಹಿಗ್ಗುವ ಎಳೆ) ಜಾಸ್ತಿ ಇದ್ದರೆ ಸ್ಟ್ರೆಚ್ ಸೂಜಿ ತೆಗೆದುಕೊಳ್ಳಿ.

ನೇರ ಹೊಲಿಗೆ ಬೇಡ, ಬಟ್ಟೆ ಹಿಗ್ಗಿದಾಗ ದಾರ ಪಟ್ಟಂತ ಕಿತ್ತುಹೋಗುತ್ತದೆ. ಸಣ್ಣ ಜಿಗ್‌ಜ್ಯಾಗ್ ಹಾಕಿ: ಅಗಲ 0.5ರಿಂದ 1 ಮಿ.ಮೀ., ಉದ್ದ 2.5, ಪಾಲಿಯೆಸ್ಟರ್ ದಾರ.

ಇನ್ನು ಅಲೆ. ಬಹುಶಃ ಹಿಂದಿನಿಂದ ಬಟ್ಟೆ ಎಳೆಯುತ್ತಿದ್ದೀರಿ (ನಾನೂ ವರ್ಷಗಟ್ಟಲೆ ಎಳೆದವಳೇ). ಸುಮ್ನೆ ಕೈಯಿಟ್ಟು ದಾರಿ ತೋರಿಸಿ, ಸೂಜಿಯ ಕೆಳಗಿರುವ ಮೆಷಿನ್ ಹಲ್ಲುಗಳೇ ಬಟ್ಟೆಯನ್ನು ತಳ್ಳುತ್ತವೆ. ಈಗಾಗಲೇ ಅಲೆಯಾದ ಅಂಚಿಗೆ ಹಬೆ ಇಸ್ತ್ರಿ ಒತ್ತಿ ಎತ್ತಿ, ಉಜ್ಜಬೇಡಿ.